ದಾರಿ ಕೇಳಿಕೊಂಡು ಹೋಗುವ ಆಟ, ದಾರಿ ತೋರಿಸುವ ಆಟ

ಪ್ರಶ್ನೆ: ನನಗೀಗ ನಲವತ್ತೆರಡು ವರ್ಷ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ‘ಫಾಲೌಟ್’, ‘ಬಾಲ್ಡರ್ಸ್ ಗೇಟ್’, ‘ಮಾರೋವಿಂಡ್’ ಆಡಿದವನು. ಈಗ ನನ್ನ ಮಗ ಹೊಸ ಆರ್‌ಪಿಜಿಗಳನ್ನು, ಅಂದರೆ ಆಟಗಾರನೇ ಕಥೆಯ ಪಾತ್ರವೊಂದಾಗಿ ಆಡುವ ರೋಲ್ ಪ್ಲೇಯಿಂಗ್ ವಿಡಿಯೋ ಆಟಗಳನ್ನು, ಆಡುತ್ತಾನೆ. ಅವು ನೋಡಲು ತುಂಬಾ ಚೆನ್ನಾಗಿವೆ, ಆದರೆ ಎಲ್ಲಿಗೆ ಹೋಗಬೇಕೆಂದು ಪರದೆಯ ಮೇಲೆ ತೋರಿಸುವ ಬಾಣದ ಗುರುತಿನ ಹಿಂದೆ ಓಡುವುದೇ ಆಟವಾಗಿಬಿಟ್ಟಿದೆ ಅನ್ನಿಸುತ್ತದೆ. ನಾನು ಹಳೆಯ ಆಟ ಹಾಕಿಕೊಟ್ಟರೆ ಅವನು ಅರ್ಧ ಗಂಟೆಯಲ್ಲಿ ಎದ್ದುಹೋಗುತ್ತಾನೆ. ಹಳೆಯ ರೋಲ್ ಪ್ಲೇಯಿಂಗ್ ಆಟಗಳು ನಿಜಕ್ಕೂ ಉತ್ತಮವಾಗಿದ್ದವೇ, ಅಥವಾ ಇದು ನನ್ನ ವಯಸ್ಸಿನ ಮಾತೇ?
ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಅನಿಸಿಕೆ ಬರೀ ವಯಸ್ಸಿನ ಮಾತಲ್ಲ. ಆದರೆ ಹಳೆಯವೇ ಉತ್ತಮ ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಆಟಗಳನ್ನು ಆಡುತ್ತ, ಅವುಗಳ ಬಗ್ಗೆ ಬರೆಯುತ್ತ, ಕೆಲವು ವರ್ಷ ಒಂದು ಸಣ್ಣ ತಂಡದಲ್ಲಿ ಆಟಗಳಿಗೆ ಸಂಭಾಷಣೆ ಬರೆಯುವ ಕೆಲಸವನ್ನೂ ಮಾಡಿದ ಮೇಲೆ ನನಗೆ ಕಾಣುವುದು ಇಷ್ಟು: ಹಳೆಯ ಆರ್‌ಪಿಜಿಗಳು ಕೆಲಸದ ದೊಡ್ಡ ಪಾಲನ್ನು ಆಟಗಾರನ ತಲೆಗೆ ಬಿಟ್ಟಿದ್ದವು, ಹೊಸವುಗಳಲ್ಲಿ ಹೆಚ್ಚಿನವು ಆ ಪಾಲನ್ನು ಪರದೆಗೆ ವಹಿಸಿಕೊಟ್ಟಿವೆ. ಈ ಬದಲಾವಣೆಗೆ ಆಟ ತಯಾರಿಸುವವರ ಸೋಮಾರಿತನವಾಗಲಿ ಆಡುವವರ ದಡ್ಡತನವಾಗಲಿ ಕಾರಣವಲ್ಲ. ಮುಖ್ಯ ಕಾರಣ ಮಾತಿಗೆ ತಗಲುವ ಖರ್ಚು. ಇದು ಅರ್ಥವಾದರೆ ನಿಮಗೂ ನಿಮ್ಮ ಮಗನಿಗೂ ನಡುವೆ ಇರುವ ಭಿನ್ನಾಭಿಪ್ರಾಯದ ಬಹುಭಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ನೀವು ‘ಮಾರೋವಿಂಡ್’ ಆಡಿದ್ದೀರಿ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 2002ರಲ್ಲಿ ಬಂದ ಆ ಆಟದಲ್ಲಿ ಹಡಗಿನಿಂದ ಇಳಿದ ಕೈದಿಯೊಬ್ಬ ಸೇಡಾ ನೀನ್ ಎಂಬ ಕೆಸರು ನೆಲದ ಹಳ್ಳಿಯಿಂದ ಬಾಲ್ಮೋರಾ ಪಟ್ಟಣಕ್ಕೆ ಹೋಗಿ, ಕೈಯಸ್ ಕೊಸಾಡೆಸ್ ಎಂಬವನಿಗೆ ಒಂದು ಪೊಟ್ಟಣ ಮುಟ್ಟಿಸಬೇಕು. ಅವನ ಮನೆಯ ಗುರುತು ಮ್ಯಾಪಿನಲ್ಲಿ ಇರುವುದಿಲ್ಲ. ಪಟ್ಟಣದ ಸೌತ್ ವಾಲ್ ಎಂಬ ಪಾನಗೃಹದಲ್ಲಿ ವಿಚಾರಿಸಬೇಕು. ಅಲ್ಲಿಯವರು ಹೇಳಿದ ಹಾಗೆ ಬೀದಿ ಹಿಡಿದು ಹೋಗಿ ಬಾಗಿಲು ತಟ್ಟಬೇಕು. ಸ್ವಲ್ಪ ಮುಂದೆ ಹಾಸ್ಫಾಟ್ ಅಂಟಬೋಲಿಸ್ ಎಂಬ ವಿದ್ವಾಂಸ, ಆರ್ಕ್‌ನ್ಗ್‌ಥ್ಯಾಂಡ್ ಎಂಬ ಪಾಳು ಕೋಟೆಯಿಂದ ಪುರಾತನವಾದ ಒಂದು ಪುಟ್ಟ ಪೆಟ್ಟಿಗೆ ತಂದುಕೊಡಲು ಹೇಳುತ್ತಾನೆ. ದಾರಿಯನ್ನು ಬಾಯಿಮಾತಿನಲ್ಲೇ ಹೇಳುತ್ತಾನೆ: ಊರಾಚೆ ಹೊಳೆ ದಾಟು, ಮೂನ್‌ಮಾತ್ ಕೋಟೆಯನ್ನು ಹಾದು ಹೋಗು, ಮುಂದೆ ಬೂದಿಯ ಕಣಿವೆಗೆ ಅಡ್ಡಲಾಗಿ ಒಂದು ಹಳೆಯ ಸೇತುವೆ ಸಿಗುತ್ತದೆ, ಅದರ ಆಚೆಗಿದೆ. ಅಲ್ಲಿ ತಲುಪಿದರೂ ಬಾಗಿಲು ತಾನಾಗಿ ತೆರೆಯುವುದಿಲ್ಲ. ಹೊರಗೆ ಕೊಳವೆಯೊಂದಕ್ಕಿರುವ ತಿರುಗಣೆಯನ್ನು ತಿರುಗಿಸಬೇಕು. ಒಳಗೆ ಆ ಪೆಟ್ಟಿಗೆ ಒಂದು ಹಲಗೆಯ ಮೇಲೆ, ಬೇರೆ ಸಾಮಾನಿನ ನಡುವೆ, ಯಾವ ಹೊಳಪೂ ಇಲ್ಲದೆ ಕುಳಿತಿರುತ್ತದೆ. ನಾನು ಅದೇ ಕೋಣೆಗೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದೆ. ನಾಲ್ಕನೆಯ ಸಲ ಸಿಕ್ಕಾಗ ಆದ ಸಂತೋಷ ಇಂದಿಗೂ ನೆನಪಿದೆ. ಅದಕ್ಕಿಂತ ಮುಖ್ಯವಾಗಿ, ಬಾಲ್ಮೋರಾದಿಂದ ಆ ಸೇತುವೆಯವರೆಗಿನ ದಾರಿಯನ್ನು ಇಂದಿಗೂ ಕಣ್ಣು ಮುಚ್ಚಿ ಹೇಳಬಲ್ಲೆ.

‘ಮಾರೋವಿಂಡ್’ ತಯಾರಿಸಿದ ಸಂಸ್ಥೆಯೇ ನಾಲ್ಕು ವರ್ಷಗಳ ನಂತರ, 2006ರಲ್ಲಿ, ‘ಒಬ್ಲಿವಿಯನ್’ ಹೊರತಂದಿತು. ಅದರಲ್ಲಿ ದಿಕ್ಸೂಚಿ ಬಂತು, ಅದರ ಮೇಲೆ ಬಾಣದ ಗುರುತು ಬಂತು. ಎಲ್ಲಿಗೆ ಹೋಗಬೇಕೋ, ಯಾರನ್ನು ನೋಡಬೇಕೋ, ಯಾವ ಬಾಗಿಲು ತೆರೆಯಬೇಕೋ ಎಲ್ಲವನ್ನೂ ಅದು ತೋರಿಸಿತು. 2011ರ ‘ಸ್ಕೈರಿಮ್’ ಇದನ್ನೇ ಮುಂದುವರಿಸಿತು. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ‘ಬಾಣ ಬೇಡವಾದರೆ ತೆಗೆದುಬಿಡಿ’ ಎಂದು ಹಲವರು ಸುಲಭವಾಗಿ ಸಲಹೆ ಕೊಡುತ್ತಾರೆ. ನಾನು ಅದನ್ನು ಮಾಡಿ ನೋಡಿದ್ದೇನೆ. ‘ಸ್ಕೈರಿಮ್’ನಲ್ಲಿ ಬಾಣ ತೆಗೆದರೆ ಆಟ ಹಳೆಯದರಂತೆ ಆಗುವುದಿಲ್ಲ, ನೀವು ದಿಕ್ಕೆಟ್ಟು ನಿಲ್ಲುತ್ತೀರಿ, ಏಕೆಂದರೆ ಅಲ್ಲಿಯ ಪಾತ್ರಗಳು ದಾರಿ ಹೇಳುವುದನ್ನೇ ಬಹುಮಟ್ಟಿಗೆ ಬಿಟ್ಟಿವೆ. ‘ನಿನ್ನ ಮ್ಯಾಪಿನಲ್ಲಿ ಗುರುತು ಹಾಕಿಕೊಡುತ್ತೇನೆ’ ಎಂದಷ್ಟೇ ಹೇಳಿ ಮುಗಿಸುತ್ತವೆ. ಹೊಳೆ, ಕೋಟೆ, ಸೇತುವೆ ಎಂಬ ಮಾತುಗಳೇ ಬರೆಯಲ್ಪಟ್ಟಿಲ್ಲ. ಬಾಣವು ಆಟದ ಮೇಲೆ ಅಂಟಿಸಿದ ಸೌಕರ್ಯವಾಗಿದ್ದರೆ ಅದನ್ನು ಕಿತ್ತು ಹಾಕಬಹುದಿತ್ತು, ಆದರೆ ಅದು ಇಡೀ ಬರವಣಿಗೆಯ ಜಾಗವನ್ನೇ ತೆಗೆದುಕೊಂಡಿದೆ.

ಏಕೆ ಹೀಗಾಯಿತು? ‘ಮಾರೋವಿಂಡ್’ನ ಜನ ದಾರಿಯಲ್ಲಿ ಸಿಕ್ಕಾಗ ಒಂದೆರಡು ಮಾತನ್ನು ದನಿಯಲ್ಲಿ ಆಡುತ್ತಿದ್ದರು, ಉಳಿದ ಸಂಭಾಷಣೆಯೆಲ್ಲ ಅಕ್ಷರದಲ್ಲಿತ್ತು. ‘ಒಬ್ಲಿವಿಯನ್’ನಲ್ಲಿ ಎಲ್ಲ ಸಂಭಾಷಣೆಗೂ ದನಿ ಬಂತು. ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದು ಸಂಭಾಷಣೆ ಬರೆದವರಿಗೆ ಮಾತ್ರ ಚೆನ್ನಾಗಿ ಗೊತ್ತು. ಮಾತು ಅಕ್ಷರದಲ್ಲಿದ್ದರೆ, ಆಟ ಬಿಡುಗಡೆಯಾಗುವ ಹಿಂದಿನ ವಾರ ಯಾರಾದರೂ ಸೇತುವೆಯನ್ನು ಎಡದಿಂದ ಬಲಕ್ಕೆ ಸರಿಸಿದರೂ ಬರಹಗಾರ ಒಂದು ಪದ ತಿದ್ದಿದರೆ ಮುಗಿಯಿತು. ಮಾತು ದನಿಯಲ್ಲಿದ್ದರೆ ಕಲಾವಿದರನ್ನು ಮತ್ತೆ ಕರೆಸಬೇಕು, ಸ್ಟುಡಿಯೋ ಗೊತ್ತುಮಾಡಬೇಕು, ಧ್ವನಿಮುದ್ರಣವಾಗಬೇಕು, ಬೇರೆ ಭಾಷೆಗಳಲ್ಲೂ ದನಿ ಕೊಟ್ಟಿದ್ದರೆ ಅವೆಲ್ಲವನ್ನೂ ತಿದ್ದಬೇಕು. ನಮ್ಮ ಸಣ್ಣ ತಂಡದಲ್ಲೇ, ಧ್ವನಿಮುದ್ರಣ ಮುಗಿದ ಮೇಲೆ ಒಂದು ಹಳ್ಳಿಯ ಹೆಸರು ಬದಲಾಯಿಸಬೇಕೆಂದು ಕೇಳಿದಾಗ ‘ಸಾಧ್ಯವೇ ಇಲ್ಲ’ ಎಂಬ ಉತ್ತರ ಬಂದಿತ್ತು. ಇಂಥ ಪರಿಸ್ಥಿತಿಯಲ್ಲಿ ‘ಹೊಳೆ ದಾಟಿ ಎಡಕ್ಕೆ ತಿರುಗು’ ಎಂದು ಬರೆಯುವ ಧೈರ್ಯ ಯಾವ ಬರಹಗಾರನಿಗೂ ಇರುವುದಿಲ್ಲ. ಬಾಣ ಮಾತ್ರ ಯಾವಾಗಲೂ ಸರಿಯಾಗಿರುತ್ತದೆ, ಏಕೆಂದರೆ ವಸ್ತು ಸರಿದಂತೆ ಅದೂ ಸರಿಯುತ್ತದೆ.

ದಾರಿಗಷ್ಟೇ ಅಲ್ಲ, ಆಯ್ಕೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 1997ರ ‘ಫಾಲೌಟ್’ನಲ್ಲಿ ನಿಮ್ಮ ಪಾತ್ರದ ಬುದ್ಧಿಶಕ್ತಿಯ ಅಂಕವನ್ನು ತೀರಾ ಕಡಿಮೆ ಇಟ್ಟುಕೊಂಡರೆ ಆ ಪಾತ್ರಕ್ಕೆ ಸರಿಯಾಗಿ ಮಾತಾಡಲೇ ಬರುವುದಿಲ್ಲ, ಎದುರಿಗಿರುವವರು ಅದಕ್ಕೆ ತಕ್ಕಂತೆ ಬೇರೆಯೇ ಉತ್ತರ ಕೊಡುತ್ತಾರೆ, ಎಷ್ಟೋ ಬಾಗಿಲುಗಳು ಮುಚ್ಚಿಹೋಗುತ್ತವೆ. ಮಾತಿನಲ್ಲಿ ಪಳಗಿದ ಪಾತ್ರವಾದರೆ ಕೊನೆಯ ಮಹಾವೈರಿಯನ್ನು ಒಂದೂ ಗುಂಡು ಹಾರಿಸದೆ ಸೋಲಿಸಬಹುದು: ಅವನು ಸೃಷ್ಟಿಸುತ್ತಿರುವ ಹೊಸ ಕುಲಕ್ಕೆ ಸಂತಾನಶಕ್ತಿಯೇ ಇಲ್ಲ ಎಂಬುದಕ್ಕೆ ಪುರಾವೆ ಹುಡುಕಿ ತಂದು ಮುಂದಿಟ್ಟರೆ, ತಾನು ಮಾಡಿದ್ದೆಲ್ಲ ವ್ಯರ್ಥವೆಂದು ಅರಿತು ಅವನೇ ತನ್ನನ್ನು ಮುಗಿಸಿಕೊಳ್ಳುತ್ತಾನೆ. ಆ ಆಟದಲ್ಲಿ ದನಿ ಮತ್ತು ಮುಖದ ಚಲನೆ ಇದ್ದದ್ದು ಕೆಲವೇ ಮುಖ್ಯ ಪಾತ್ರಗಳಿಗೆ. ಆಟಗಾರನ ಪಾತ್ರಕ್ಕೆ ದನಿಯೇ ಇರಲಿಲ್ಲ, ಆದ್ದರಿಂದ ಅದು ಏನನ್ನು ಬೇಕಾದರೂ ಹೇಳಬಹುದಿತ್ತು. 2015ರ ‘ಫಾಲೌಟ್ 4’ರಲ್ಲಿ ನಾಯಕ ಅಥವಾ ನಾಯಕಿಯ ಪ್ರತಿ ಮಾತಿಗೂ ದನಿ ಕೊಟ್ಟರು. ಪ್ರತಿ ಸಂಭಾಷಣೆಯಲ್ಲಿ ಆಯ್ಕೆ ನಾಲ್ಕಕ್ಕೆ ನಿಂತಿತು, ಆ ನಾಲ್ಕೂ ಪರದೆಯ ಮೇಲೆ ಒಂದೆರಡು ಪದಗಳಲ್ಲಿ ಕಾಣುತ್ತಿದ್ದವು, ಒತ್ತಿದ ಮೇಲೆ ಪಾತ್ರ ಏನು ಹೇಳುತ್ತದೆಂಬುದು ಒತ್ತುವವರಿಗೇ ಖಾತ್ರಿಯಿರಲಿಲ್ಲ. ಇದಕ್ಕೆ ಬಂದ ಆಕ್ಷೇಪ ಎಷ್ಟಿತ್ತೆಂದರೆ ‘ಫಾಲೌಟ್ 4’ ತಯಾರಿಸಿದ ಸಂಸ್ಥೆಯೇ 2023ರ ‘ಸ್ಟಾರ್‌ಫೀಲ್ಡ್’ನಲ್ಲಿ ಮತ್ತೆ ಮೂಕ ನಾಯಕನಿಗೆ, ಪೂರ್ಣ ವಾಕ್ಯಗಳ ಪಟ್ಟಿಗೆ ಮರಳಿತು.

ನಮ್ಮವರಿಗೆ ಇದು ಹೊಸ ವಿಚಾರವೇನಲ್ಲ. ವೇಷವಿಲ್ಲ, ಕುಣಿತವಿಲ್ಲ, ರಂಗವಿಲ್ಲ, ಆದರೂ ತಾಳಮದ್ದಳೆಯ ಅರ್ಥಧಾರಿ ಪ್ರಸಂಗದ ಚೌಕಟ್ಟಿನೊಳಗೆ ಮಾತನ್ನು ಎತ್ತ ಬೇಕಾದರೂ ಒಯ್ಯಬಲ್ಲ. ಕೃಷ್ಣಸಂಧಾನದ ಕೌರವ ಒಂದೊಂದು ರಾತ್ರಿ ಒಂದೊಂದು ವಾದ ಹೂಡಬಲ್ಲ. ಕಣ್ಣಿಗೆ ಕಾಣುವುದು ಕಡಿಮೆಯಾದಷ್ಟೂ ಮಾತಿಗೆ ಅವಕಾಶ ಹೆಚ್ಚು. ಹಳೆಯ ಆರ್‌ಪಿಜಿಗಳ ಬಲ ಇದ್ದದ್ದು ಇಲ್ಲಿಯೇ. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಓದಲು ಒಂದು ದಪ್ಪ ಕಾದಂಬರಿಗಿಂತ ಹೆಚ್ಚಿನ ಬರವಣಿಗೆಯನ್ನು ಆಟದೊಳಗೆ ತುಂಬಿಕೊಂಡಿತ್ತು, ಮತ್ತು ಅದರ ಮರೆಯಲಾಗದ ಘಟ್ಟಗಳಲ್ಲಿ ಹೆಚ್ಚಿನವು ಕತ್ತಿಯಿಂದಲ್ಲ, ಮಾತುಕತೆಯಿಂದ ತೀರ್ಮಾನವಾಗುತ್ತವೆ.

ಇನ್ನೂ ಹಿಂದಿನ ಒಂದು ಉದಾಹರಣೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ, ಏಕೆಂದರೆ ಅದರ ಹೆಸರಿನಲ್ಲೇ ನಮ್ಮ ಪದವೊಂದು ಇದೆ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ತಯಾರಿಸಿದ ‘ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್’ನಲ್ಲಿ ಕೊಲ್ಲಬೇಕಾದ ಮಹಾರಾಕ್ಷಸನಿಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ ಮೊದಲಾದ ಎಂಟು ಗುಣಗಳನ್ನು ಸಾಧಿಸಿ ‘ಅವತಾರ’ ಎನಿಸಿಕೊಳ್ಳುವುದೇ ಗುರಿ. ಅವತಾರ ಎಂಬ ಕಲ್ಪನೆಯನ್ನು ಗ್ಯಾರಿಯಟ್ ಹಿಂದೂ ಪರಂಪರೆಯಿಂದಲೇ ತೆಗೆದುಕೊಂಡರು. ಆ ಆಟದಲ್ಲಿ ಮಂತ್ರಕ್ಕೆ ಬೇಕಾದ ಗಿಡಮೂಲಿಕೆ ಮಾರುವ ಅಂಗಡಿಯವಳಿಗೆ ಕಣ್ಣು ಕಾಣುವುದಿಲ್ಲ. ಅವಳು ಬೆಲೆ ಹೇಳುತ್ತಾಳೆ, ಎಷ್ಟು ನಾಣ್ಯ ಕೊಡುತ್ತೀರಿ ಎಂಬ ಸಂಖ್ಯೆಯನ್ನು ನೀವೇ ಕೀಬೋರ್ಡಿನಲ್ಲಿ ಒತ್ತಬೇಕು. ಕಡಿಮೆ ಕೊಟ್ಟರೂ ಅವಳು ಸುಮ್ಮನೆ ತೆಗೆದುಕೊಳ್ಳುತ್ತಾಳೆ. ಯಾವ ಸದ್ದೂ ಆಗುವುದಿಲ್ಲ, ಯಾವ ಸಂದೇಶವೂ ಬರುವುದಿಲ್ಲ. ಒಳಗೆಲ್ಲೋ ನಿಮ್ಮ ಪ್ರಾಮಾಣಿಕತೆ ಇಳಿದಿರುತ್ತದೆ. ಎಷ್ಟು ಇಳಿಯಿತೆಂಬ ಅಂಕವೂ ಕಾಣುವುದಿಲ್ಲ. ಅರಮನೆಯಲ್ಲಿರುವ ಹಾಕ್‌ವಿಂಡ್ ಎಂಬ ದ್ರಷ್ಟಾರನ ಬಳಿ ಹೋಗಿ ಕೇಳಿದರೆ ಅವನು ಮಾತಿನಲ್ಲಿ ಸೂಚ್ಯವಾಗಿ ಹೇಳುತ್ತಾನೆ. 2007ರ ‘ಮಾಸ್ ಎಫೆಕ್ಟ್’ನಲ್ಲಿ ಒಳ್ಳೆಯತನಕ್ಕೆ ಒಂದು ಅಳತೆಯ ಪಟ್ಟಿ, ಕಠಿಣತನಕ್ಕೆ ಇನ್ನೊಂದು ಪಟ್ಟಿ ಪರದೆಯ ಮೇಲೆ ತುಂಬುತ್ತ ಹೋಗುವುದನ್ನು ನೋಡುವಾಗ, ನಾನು ಎದುರಿಗಿರುವ ಮನುಷ್ಯನ ಬಗ್ಗೆ ಯೋಚಿಸುವುದನ್ನು ಬಿಟ್ಟು ಪಟ್ಟಿ ತುಂಬಿಸುವುದರ ಬಗ್ಗೆ ಯೋಚಿಸುತ್ತಿದ್ದೆ. ‘ಮಾಸ್ ಎಫೆಕ್ಟ್’ ನನಗೆ ತುಂಬಾ ಇಷ್ಟವಾದ ಆಟ, ಆದರೂ ಈ ಒಂದು ವಿಷಯದಲ್ಲಿ ಅದಕ್ಕಿಂತ ಇಪ್ಪತ್ತೆರಡು ವರ್ಷ ಹಿರಿಯ ಆಟವೇ ಆಟಗಾರನನ್ನು ಹೆಚ್ಚು ಗೌರವಿಸಿತು ಎಂದು ನಾನು ದೃಢವಾಗಿ ಹೇಳುತ್ತೇನೆ.

ಇಷ್ಟನ್ನು ಓದಿ ನಿಮ್ಮ ಮಾತೇ ಗೆದ್ದಿತೆಂದು ಭಾವಿಸಬೇಡಿ. ನಿಮ್ಮ ಮಗ ಏಕೆ ಎದ್ದುಹೋದ ಎಂಬುದನ್ನು ಅಷ್ಟೇ ಗಂಭೀರವಾಗಿ ನೋಡಬೇಕು.

ಅದೇ ‘ಮಾರೋವಿಂಡ್’ನ ಮೊದಲ ಅರ್ಧ ಗಂಟೆಯನ್ನು ಹೊಸಬನ ಕಣ್ಣಿನಿಂದ ನೋಡಿ. ಪಾತ್ರ ಆಮೆಯಂತೆ ನಡೆಯುತ್ತದೆ. ಓಡಿದರೆ ಎಷ್ಟು ತ್ರಾಣ ಉಳಿದಿದೆ ಎಂದು ತೋರಿಸುವ ಆಯಾಸದ ಪಟ್ಟಿ ಬರಿದಾಗುತ್ತದೆ, ಆಯಾಸವಾದಷ್ಟೂ ಹೊಡೆತ ತಗಲುವ ಸಂಭವ ಕಡಿಮೆಯಾಗುತ್ತದೆ. ಎದುರಿಗೆ ಒಂದು ಏಡಿ ಬರುತ್ತದೆ, ಕಠಾರಿ ಅದರ ಮೈಯನ್ನು ಹಾದುಹೋಗುವುದು ಕಣ್ಣಿಗೆ ಕಾಣುತ್ತದೆ, ಆದರೆ ಒಳಗೆ ಉರುಳಿದ ದಾಳದಲ್ಲಿ ಅಂಕ ಬೀಳದ ಕಾರಣ ಪೆಟ್ಟು ಲೆಕ್ಕಕ್ಕಿಲ್ಲ. ಏಕೆ ತಗಲಲಿಲ್ಲ ಎಂದು ಆಟ ಎಲ್ಲಿಯೂ ಹೇಳುವುದಿಲ್ಲ. ಇದನ್ನು ಆಳ ಎಂದು ಕರೆಯಲು ನಾನು ತಯಾರಿಲ್ಲ. ಕಣ್ಣಿಗೆ ಒಂದು, ಲೆಕ್ಕಕ್ಕೆ ಇನ್ನೊಂದು ತೋರಿಸುವ ವಿನ್ಯಾಸದ ದೋಷ ಇದು. 1998ರ ‘ಬಾಲ್ಡರ್ಸ್ ಗೇಟ್’ನಲ್ಲೂ ಹಾಗೆಯೇ: ಅದು ಆಧರಿಸಿದ್ದ, ಮೇಜಿನ ಸುತ್ತ ಕುಳಿತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಅಂದಿನ ನಿಯಮಗಳ ಪ್ರಕಾರ ರಕ್ಷಾಕವಚದ ಅಂಕ ಇಳಿದಷ್ಟೂ ಒಳ್ಳೆಯದು, ಉಳಿದ ಎಷ್ಟೋ ಅಂಕಗಳು ಏರಿದಷ್ಟೂ ಒಳ್ಳೆಯದು. ಕೈಪಿಡಿ ಓದದವನಿಗೆ ಇದು ಹೊಳೆಯುವುದೇ ಇಲ್ಲ, ಮತ್ತು ಮೊದಲ ಲೆವೆಲ್‌ನ ಮಂತ್ರವಾದಿ ತೋಳವೊಂದರ ಎರಡು ಕಡಿತಕ್ಕೆ ಸತ್ತುಹೋಗುತ್ತಾನೆ. ಹಾಸ್ಟೆಲಿನಲ್ಲಿ ನಿಮಗೆ ಇವೆಲ್ಲ ತಡೆಯಾಗಲಿಲ್ಲವೆಂದರೆ ಅದಕ್ಕೆ ಕಾರಣ ಆಟವಲ್ಲ. ಪಕ್ಕದ ರೂಮಿನಲ್ಲಿ ಆ ಆಟವನ್ನು ಆಗಲೇ ಮುಗಿಸಿದವನೊಬ್ಬನಿದ್ದ, ಮತ್ತು ನಿಮ್ಮ ಬಳಿ ಇಡೀ ರಾತ್ರಿಯಿತ್ತು.

ಇನ್ನೂ ಹಿಂದೆ ಹೋದರೆ ಕಾಠಿಣ್ಯ ಹೆಚ್ಚುತ್ತದೆ. 1981ರ ‘ವಿಜರ್ಡ್ರಿ’ಯಲ್ಲಿ ಹತ್ತು ಅಂತಸ್ತಿನ ನೆಲಮಾಳಿಗೆಯನ್ನು ಚೌಕುಳಿ ಕಾಗದದ ಮೇಲೆ ಆಟಗಾರರೇ ಬಿಡಿಸಿಕೊಳ್ಳಬೇಕಿತ್ತು. ಒಂದು ಚೌಕಕ್ಕೆ ಕಾಲಿಟ್ಟರೆ ಗೊತ್ತಿಲ್ಲದಂತೆ ನಿಮ್ಮ ಮುಖ ಬೇರೆ ದಿಕ್ಕಿಗೆ ತಿರುಗಿರುತ್ತಿತ್ತು. ಸತ್ತ ಪಾತ್ರವನ್ನು ಬದುಕಿಸಲು ದೇವಾಲಯಕ್ಕೆ ಹಣ ತೆತ್ತರೂ ಪ್ರಯತ್ನ ವಿಫಲವಾಗಿ ಪಾತ್ರ ಬೂದಿಯಾಗಬಹುದಿತ್ತು, ಮತ್ತೊಮ್ಮೆ ವಿಫಲವಾದರೆ ಶಾಶ್ವತವಾಗಿ ಇಲ್ಲವಾಗುತ್ತಿತ್ತು. ಜಪಾನಿನಲ್ಲಿ ಯೂಜಿ ಹೋರೀ ಮತ್ತು ಸಂಗಡಿಗರು ‘ವಿಜರ್ಡ್ರಿ’ಯ ಕಾಳಗವನ್ನೂ ‘ಅಲ್ಟಿಮಾ’ದ ನಕಾಶೆಯನ್ನೂ ಸೇರಿಸಿ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ತಯಾರಿಸಿದ್ದೇ ಈ ಪ್ರಕಾರವನ್ನು ಮಕ್ಕಳೂ ಆಡುವಂತೆ ಸರಳಗೊಳಿಸಬೇಕೆಂದು. ಆಟವನ್ನು ಸುಲಭಗೊಳಿಸುವುದು ಈಗಿನವರು ಆರಂಭಿಸಿದ ಚಾಳಿ ಎಂದು ದೂರುವವರು ಇದನ್ನು ಮರೆಯುತ್ತಾರೆ. ನಾವು ‘ಹಳೆಯದು’ ಎಂದು ಎದೆಗೊತ್ತಿಕೊಳ್ಳುವ ಆಟಗಳೂ ಅವುಗಳಿಗಿಂತ ಹಿಂದಿನವರ ಕಣ್ಣಿನಲ್ಲಿ ಸುಲಭವಾದವುಗಳೇ.

ಇನ್ನೊಂದು ಮರೆವೂ ಇದೆ. ನಮ್ಮ ನೆನಪಿನಲ್ಲಿ ಉಳಿದಿರುವುದು ಆ ಕಾಲದ ಹತ್ತಿಪ್ಪತ್ತು ಶ್ರೇಷ್ಠ ಆಟಗಳು ಮಾತ್ರ. 1999ರಲ್ಲಿ ಬಂದ ‘ಅಲ್ಟಿಮಾ 9’, ಆ ಮಹಾ ಸರಣಿಯ ಮುಖ್ಯ ಕಥೆಯ ಕೊನೆಯ ಆಟ, ತುಂಬಾ ದೋಷಗಳೊಂದಿಗೆ ಹೊರಬಂತು. 2001ರ ‘ಪೂಲ್ ಆಫ್ ರೇಡಿಯನ್ಸ್: ರೂಯಿನ್ಸ್ ಆಫ್ ಮಿಥ್ ಡ್ರಾನರ್’ ಎಂಬ ಆಟವನ್ನು ಕಂಪ್ಯೂಟರಿನಿಂದ ತೆಗೆಯಲು ಹೋದರೆ ಅದು ಕಂಪ್ಯೂಟರಿನ ಮುಖ್ಯ ಕಡತಗಳನ್ನೇ ಅಳಿಸಿಹಾಕುವ ಸಂಭವವಿತ್ತು. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಅರೆಬೆಂದ ಸ್ಥಿತಿಯಲ್ಲಿ ಬಂದಾಗ ‘ಹಿಂದೆ ಹೀಗಿರಲಿಲ್ಲ’ ಎಂದವರ ಮಾತು ನಿಜವಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲೇ ಇಲ್ಲ. ಕಾಳು ಜೊಳ್ಳು ಬೇರೆಯಾಗಿ, ಕಾಳಿನಲ್ಲೂ ಆಯ್ದದ್ದಷ್ಟೇ ನಮ್ಮ ಕೈಗೆ ಬಂದಿದೆ. ಅದನ್ನು ಈ ವರ್ಷದ ಇಡೀ ರಾಶಿಯ ಪಕ್ಕದಲ್ಲಿಟ್ಟು ತೂಗಿದರೆ ತಕ್ಕಡಿ ಹೇಗೆ ಸಮನಾದೀತು?

ನನ್ನದೇ ಒಂದು ಅನುಭವವನ್ನು ಹೇಳಬೇಕು. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಮೊದಲ ಸಲ ‘ಬಾಲ್ಡರ್ಸ್ ಗೇಟ್’ ಹಾಕಿದಾಗ ಒಂದು ಪರದೆಯ ತುಂಬಾ ಹರಡಿದ ಇಂಗ್ಲಿಷನ್ನು ಓದಿ ಮುಗಿಸುವಷ್ಟರಲ್ಲಿ ಬೆವರುತ್ತಿದ್ದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಊರುಗಳ ಹೆಸರು, ಬಲಗಡೆ ಅರ್ಥವಾಗದ ಪದಗಳು ಎಂದು ಬರೆದುಕೊಳ್ಳುತ್ತ ಆಡಿದೆ. ಆ ಆಟ ನನಗೆ ಕಲಿಸಿದ ಇಂಗ್ಲಿಷಿಗೆ ನಾನು ಇಂದಿಗೂ ಋಣಿ. ಆದರೆ ನನ್ನ ಜೊತೆಗೆ ಆಡಲು ಕುಳಿತ ಇಬ್ಬರು ಗೆಳೆಯರು ಮೂರನೆಯ ದಿನವೇ ಬಿಟ್ಟುಬಿಟ್ಟರು. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ, ಭಾಷೆ ಅಡ್ಡಬಂತು. ಬಾಣದ ಗುರುತು, ದನಿ, ಮುಖಭಾವ ಇವೆಲ್ಲ ಇದ್ದಿದ್ದರೆ ಅವರೂ ಆ ಲೋಕದಲ್ಲಿ ನಡೆದಾಡುತ್ತಿದ್ದರು. ಕನ್ನಡದಲ್ಲಿ ದೊಡ್ಡ ಆರ್‌ಪಿಜಿ ಆಡುವ ಭಾಗ್ಯ ನಮಗಿನ್ನೂ ಬಂದಿಲ್ಲವಾದ್ದರಿಂದ, ಅಕ್ಷರವನ್ನೇ ನೆಚ್ಚಿದ ಆಟಗಳನ್ನು ಹೊಗಳುವಾಗ ಅವು ಯಾರನ್ನು ಹೊರಗಿಟ್ಟವು ಎಂಬುದನ್ನು ನಾನು ಮರೆಯಲಾರೆ. ಅಕ್ಷರದ ಗಾತ್ರ ಹಿಗ್ಗಿಸುವುದು, ಬಣ್ಣಗುರುಡಿನವರಿಗಾಗಿ ಬಣ್ಣ ಬದಲಿಸುವುದು ಇವೆಲ್ಲ ಇಂದಿನ ಆಟಗಳು ಗಳಿಸಿಕೊಂಡ ನಿಜವಾದ ಹಿರಿಮೆ. 

ಇನ್ನು ಹೊಸ ಆಟಗಳ ವಿಷಯ. ಅವು ಬರೀ ಬಾಣದ ಹಿಂದಿನ ಓಟ ಎಂಬ ನಿಮ್ಮ ಮಾತು ಸುಮಾರು 2006ರಿಂದ 2014ರವರೆಗಿನ ದೊಡ್ಡ ಆಟಗಳಿಗೆ ಬಹುಮಟ್ಟಿಗೆ ಸಲ್ಲುತ್ತದೆ, ಆಮೇಲಿನ ಎಲ್ಲವಕ್ಕೂ ಸಲ್ಲುವುದಿಲ್ಲ. ಹಳೆಯ ರೀತಿಯ ಆಟ ಬೇಕೆಂಬ ಹಸಿವು ನಿಮ್ಮೊಬ್ಬರದಾಗಿರಲಿಲ್ಲ. 2012ರಲ್ಲಿ ‘ಪಿಲ್ಲರ್ಸ್ ಆಫ್ ಎಟರ್ನಿಟಿ’ಗಾಗಿ ಕಿಕ್‌ಸ್ಟಾರ್ಟರ್ ಮೂಲಕ ಜನರೇ ಮುಂಗಡವಾಗಿ ಸುಮಾರು 40 ಲಕ್ಷ ಡಾಲರ್ ಕೊಟ್ಟರು. 2019ರಲ್ಲಿ ಎಸ್ಟೋನಿಯಾದ ಬರಹಗಾರರ ತಂಡವೊಂದು ‘ಡಿಸ್ಕೋ ಎಲಿಸಿಯಮ್’ ಹೊರತಂದಿತು. ನೆನಪು ಕಳೆದುಕೊಂಡ ಒಬ್ಬ ಪೊಲೀಸ್ ಪತ್ತೇದಾರ, ಮರಕ್ಕೆ ತೂಗುತ್ತಿರುವ ಒಂದು ಹೆಣ, ಅವನ ತಲೆಯೊಳಗೆ ಪರಸ್ಪರ ಜಗಳಾಡುವ 24 ಸಾಮರ್ಥ್ಯಗಳು. ಸಾಮಾನ್ಯ ಅರ್ಥದ ಕಾಳಗವೇ ಅಲ್ಲಿಲ್ಲ. ಮೊದಲು ಬಹುಪಾಲು ಅಕ್ಷರದಲ್ಲಿ ಬಂದು, ಹೆಸರು ಗಳಿಸಿದ ಮೇಲೆ 2021ರಲ್ಲಿ ಪೂರ್ತಿ ದನಿ ಪಡೆದ ಆಟ ಅದು. ಮೊದಲು ಬರವಣಿಗೆ, ಆಮೇಲೆ ಧ್ವನಿ ಎಂಬ ಈ ಕ್ರಮವೇ ಅದರ ಸ್ವಾತಂತ್ರ್ಯವನ್ನು ಉಳಿಸಿತೆಂದು ನನ್ನ ಅಂದಾಜು. ನನ್ನ ಮಟ್ಟಿಗೆ ಅದು ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ಗಿಂತಲೂ ಮೇಲು.

2023ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆ ಬಿಡುಗಡೆ ಮಾಡಿದ ‘ಬಾಲ್ಡರ್ಸ್ ಗೇಟ್ 3’ ಇನ್ನೂ ದೊಡ್ಡ ಉತ್ತರ. ಆಟಗಾರನ ಪಾತ್ರದ ಉತ್ತರಗಳನ್ನು ಬಿಟ್ಟರೆ ಎಲ್ಲರ ಮಾತಿಗೂ ದನಿಯಿದೆ, ಪಾತ್ರಗಳ ಮುಖಕ್ಕೂ ಮೈಗೂ ನಟರ ಅಭಿನಯವಿದೆ. ಆದರೂ ಬಹುತೇಕ ಯಾವ ಪಾತ್ರವನ್ನಾದರೂ ಕೊಲ್ಲಬಹುದು, ಕಥೆ ಅದನ್ನು ಅರಗಿಸಿಕೊಂಡು ಮುಂದೆ ಸಾಗುತ್ತದೆ. ಸತ್ತವನ ಹೆಣದೊಡನೆ ಮಂತ್ರದಿಂದ ಮಾತಾಡಬಹುದು, ಹಾದಿಯಲ್ಲಿರುವ ಅಳಿಲಿನೊಡನೆಯೂ ಮಾತಾಡಬಹುದು. ಬೀಳುವ ದಾಳ ಕಣ್ಣೆದುರೇ ಉರುಳುತ್ತದೆ, ಹೊಡೆತ ತಗಲುವ ಸಂಭವ ಶೇಕಡಾ ಎಷ್ಟೆಂದು ಮೊದಲೇ ಕಾಣುತ್ತದೆ. ಹಾಗಾದರೆ ಮಾತಿನ ಖರ್ಚಿನ ಬಗ್ಗೆ ನಾನು ಹೇಳಿದ್ದು ಸುಳ್ಳಾಯಿತೇ? ಇಲ್ಲ, ಇಲ್ಲಿ ಆ ಖರ್ಚನ್ನು ಪೂರ್ತಿಯಾಗಿ ತೆತ್ತಿದ್ದಾರೆ. ನೂರಾರು ಜನ ವರ್ಷಗಟ್ಟಲೆ ದುಡಿದಿದ್ದಾರೆ, 2020ರ ಅಕ್ಟೋಬರಿನಿಂದಲೇ ಅರ್ಧ ಸಿದ್ಧವಾದ ಆಟವನ್ನು ಮಾರಿ, ಆಡಿದವರ ಅಭಿಪ್ರಾಯ ಕೇಳುತ್ತ ಸುಮಾರು ಮೂರು ವರ್ಷ ತಿದ್ದಿದ್ದಾರೆ. ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಸಣ್ಣ ತಂಡ ಅಕ್ಷರದಲ್ಲಿ ಅಗ್ಗವಾಗಿ ಕೊಡುತ್ತಿದ್ದ ಸ್ವಾತಂತ್ರ್ಯವನ್ನು ಇಂದಿನ ಚಿತ್ರ, ದನಿಗಳೊಂದಿಗೆ ಕೊಡಬೇಕಾದರೆ ಇಷ್ಟು ಬೆಲೆ ತೆರಬೇಕು. ಎಲ್ಲ ಸಂಸ್ಥೆಗಳಿಗೂ ಇದು ಸಾಧ್ಯವಿಲ್ಲ, ಆದ್ದರಿಂದಲೇ ಹೆಚ್ಚಿನವು ಬಾಣಕ್ಕೆ ತೃಪ್ತಿಪಡುತ್ತವೆ.

ದಾರಿ ಹುಡುಕುವ ಸುಖವನ್ನು ಬೇರೊಂದು ಮಾರ್ಗದಿಂದ ಮರಳಿ ತಂದದ್ದು 2022ರ ‘ಎಲ್ಡನ್ ರಿಂಗ್’. ಅಲ್ಲಿ ಕೈಗೊಂಡ ಕೆಲಸಗಳ ಪಟ್ಟಿಯೇ ಇಲ್ಲ. ಆದರೆ ಅದು ಮಾತಿನ ಬದಲು ನೆಲವನ್ನೇ ಬಳಸುತ್ತದೆ: ದೂರದ ಗುಡ್ಡದ ಮೇಲೊಂದು ಗೋಪುರ, ಮಂಜಿನಲ್ಲಿ ಅರ್ಧ ಕಾಣುವ ಸೇತುವೆ, ಅಲ್ಲಿಗೆ ಹೋಗಬೇಕೆಂದು ನಿಮಗೇ ಅನ್ನಿಸುವ ಹಾಗೆ ಕಟ್ಟಿದ್ದಾರೆ. 2025ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದ ಹೊಸ ತಂಡವೊಂದು ತಂದ ‘ಕ್ಲೇರ್ ಆಬ್ಸ್ಕೂರ್: ಎಕ್ಸ್‌ಪೆಡಿಶನ್ 33’, ಸರದಿಯಂತೆ ಹೊಡೆದಾಡುವ ಹಳೆಯ ಜಪಾನಿ ಪದ್ಧತಿಯನ್ನೇ ಇಟ್ಟುಕೊಂಡು, ಶತ್ರುವಿನ ಏಟನ್ನು ಸರಿಯಾದ ಕ್ಷಣದಲ್ಲಿ ತಪ್ಪಿಸಿಕೊಳ್ಳುವ ಚುರುಕನ್ನು ಸೇರಿಸಿತು. ಹಳೆಯ ಪದ್ಧತಿ ಸತ್ತಿಲ್ಲ ಎಂಬುದಕ್ಕೆ ನಿಮ್ಮ ಮಗನಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಆಟ ನನಗೆ ತೋಚುತ್ತಿಲ್ಲ.

ಇಂದಿನ ಆಟಗಳ ಬಗ್ಗೆ ನನಗಿರುವ ನಿಜವಾದ ದೂರು ಬಾಣದ ಬಗ್ಗೆ ಅಲ್ಲ, ಉದ್ದದ ಬಗ್ಗೆ. 1995ರ ‘ಕ್ರೋನೋ ಟ್ರಿಗರ್’ ಇಪ್ಪತ್ತು ಇಪ್ಪತ್ತೈದು ಗಂಟೆಗಳಲ್ಲಿ ಮುಗಿಯುತ್ತದೆ, ಅದರಲ್ಲಿ ಸುಮ್ಮನೆ ತುಂಬಿಸಿದ ಭಾಗ ತೀರಾ ಕಡಿಮೆ. 2015ರ ‘ದಿ ವಿಚರ್ 3’ ಅದ್ಭುತವಾದ ಆಟ. ಅದರ ಬ್ಲಡಿ ಬ್ಯಾರನ್ ಪ್ರಸಂಗದಷ್ಟು ಪಕ್ವವಾದ ಬರವಣಿಗೆ ಹಳೆಯ ಆಟಗಳಲ್ಲೂ ಅಪರೂಪ. ಆದರೆ ಅದರದೇ ಸ್ಕೆಲ್ಲಿಗೆ ದ್ವೀಪಗಳ ಸುತ್ತಲಿನ ಕಡಲಿನಲ್ಲಿ ಚೆಲ್ಲಿದ ಪ್ರಶ್ನಾರ್ಥಕ ಚಿಹ್ನೆಗಳನ್ನು ದೋಣಿಯಲ್ಲಿ ಹೋಗಿ ಒಂದೊಂದಾಗಿ ಮುಟ್ಟಿದವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಸಾಮಾನಿನ ಪೆಟ್ಟಿಗೆಗಳು ಮಾತ್ರ. ಇದಕ್ಕಿಂತ ಕೆಟ್ಟದ್ದು, ಒಂದು ಪಾತ್ರ ಸಿಗಲು ಅದೃಷ್ಟದ ಮೇಲೆ ಮತ್ತೆ ಮತ್ತೆ ಹಣ ಹಾಕಿಸುವ ಮೊಬೈಲ್ ಆಟಗಳ ಪದ್ಧತಿ. ನಿಮ್ಮ ಮಗ ಅಂಥದ್ದನ್ನು ಆಡುತ್ತಿದ್ದರೆ ಅದರ ಬಗ್ಗೆ ನೇರವಾಗಿ ಮಾತಾಡಿ. ಹಳೆಯ ಆಟಗಳಲ್ಲಿ ಇದಕ್ಕೆ ಸಮನಾದ ಕೇಡು ಇರಲಿಲ್ಲ.

ಕೊನೆಯದಾಗಿ, ನೀವು ಮಾಡಬಹುದಾದ ಕೆಲಸ. ‘ಮಾರೋವಿಂಡ್’ನ್ನು ಹಳೆಯ ಡಿಸ್ಕಿನಿಂದ ಹಾಗೆಯೇ ಹಾಕಿಕೊಡಬೇಡಿ. ಅಭಿಮಾನಿಗಳು ಕಟ್ಟಿ ಉಚಿತವಾಗಿ ಹಂಚುವ ಓಪನ್‌ಎಮ್‌ಡಬ್ಲ್ಯು ಎಂಬ ತಂತ್ರಾಂಶದ ಮೂಲಕ ಅದನ್ನು ಇಂದಿನ ಕಂಪ್ಯೂಟರಿನಲ್ಲಿ ಸುಗಮವಾಗಿ ಆಡಿಸಬಹುದು. ಆದರೆ ಆಟದ ಪ್ರತಿ ನಿಮ್ಮ ಬಳಿ ಇರಲೇಬೇಕು. ಪಾತ್ರ ಆರಿಸುವಾಗ ಪಕ್ಕದಲ್ಲಿ ಕುಳಿತು, ಒಂದು ಆಯುಧದ ಕೌಶಲವನ್ನು ಮುಖ್ಯ ಕೌಶಲವಾಗಿ ಇಟ್ಟುಕೊಂಡು ಅದೇ ಆಯುಧವನ್ನು ಬಳಸುವಂತೆ ಹೇಳಿ, ಆಯಾಸದ ಪಟ್ಟಿ ತುಂಬಿರುವಾಗಲೇ ಹೊಡೆಯಲು ಹೇಳಿ. ಏಡಿಯ ಮುಂದೆ ಎದ್ದುಹೋಗುವ ಪ್ರಸಂಗ ತಪ್ಪುತ್ತದೆ. ಆದರೆ ನಿಮಗೆ ಗೊತ್ತಿರುವ ದಾರಿಯನ್ನು ಹೇಳಿಬಿಡಬೇಡಿ. ಹಾಸ್ಟೆಲಿನಲ್ಲಿ ಪಕ್ಕದ ರೂಮಿನವನು ನಿಮಗೆ ಮಾಡಿದ ಸಹಾಯದಷ್ಟೇ ಮಾಡಿ. ಅದಕ್ಕೆ ಪ್ರತಿಯಾಗಿ ನೀವು ‘ಬಾಲ್ಡರ್ಸ್ ಗೇಟ್ 3’ ಆಡಿ. ಅದನ್ನು ಇಬ್ಬರೂ ಒಟ್ಟಿಗೆ, ತಲಾ ಒಂದು ಪಾತ್ರ ಹಿಡಿದು ಆಡುವ ಅವಕಾಶವೂ ಇದೆ. ಮೊದಲ ವಾರ ‘ಮಾರೋವಿಂಡ್’ನಲ್ಲಿ ಅವನನ್ನು ಆ ಪಾಳು ಕೋಟೆಯ ಪುಟ್ಟ ಪೆಟ್ಟಿಗೆಯವರೆಗೆ ಮಾತ್ರ ಹೋಗಲು ಬಿಡಿ, ಮತ್ತು ಅವನು ಆ ಕೋಣೆಯಿಂದ ಬರಿಗೈಯಲ್ಲಿ ಬಂದಾಗ ದಯವಿಟ್ಟು ಬಾಯಿ ಬಿಡಬೇಡಿ.